ಕಂಬಕ್ಕೊರಗಿ ಕೂತವರು

ಯಜಮಾನರನ್ನು ಚಾವಡಿಯಲ್ಲಿ ಅದೇ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಕೊರಳಲ್ಲಿ ಊರಿನ ಎರಡೂ ಪಾರ್ಟಿಯವರು ಹಾಕಿದ ಮಾಲೆಗಳು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣಿಗೆ ಕೊಡುತ್ತಾರೆ. ತಲೆ ವಾಲದಂತೆ ಒಂದು ಶಲ್ಯವನ್ನು ಕಂಬಕ್ಕೆ ಸುತ್ತಿ ಕಟ್ಟಿದ್ದರು. ನಾನು ಸವಣೂರಿನಿಂದ ಬಸ್ಸು ಬದಲಾಯಿಸುತ್ತಾ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಚೀಲದಲ್ಲಿ ಒಂದು ಕಟ್ಟು ವೀಳ್ಯದೆಲೆ ಇತ್ತು. ಸತ್ತವರಿಗೆ ಎಲೆ ಯಾಕೆ ಎಂದು ಹೊರಡುವಾಗ ಹೆಂಡತಿ ಕೇಳಿದ್ದಳು. ಅವರ ಊರಿಗೆ ಬರಿಗೈಲಿ ಹೋಗಿ ಅಭ್ಯಾಸವಿಲ್ಲ ಎಂದಿದ್ದೆ.

ನಾನು ಪಂಚಾಯಿತಿ ಸೆಕ್ರೆಟರಿಯಾಗಿ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ತಾಲ್ಲೂಕುಗಳಲ್ಲಿ ಚಪ್ಪಲಿ ಸವೆಸಿದವನು. ಈ ನೌಕರಿಯಲ್ಲಿ ಒಂದು ಲಾಭವಿದೆ. ರಾಜಕೀಯ ಎಂದರೆ ಬೆಂಗಳೂರಿನಲ್ಲಿ ನಡೆಯುವುದು ಎಂಬ ಭ್ರಮೆ ಬೇಗ ಹೋಗುತ್ತದೆ. ಹಾನಗಲ್ಲ ಕಡೆಯ ಒಂದು ಊರಲ್ಲಿ ಭಜನಾ ಮಂಡಳಿ ಒಡೆದು ಎರಡಾದದ್ದನ್ನು ನೋಡಿದೆ. ಕಾರಣ ದೇವರಲ್ಲ, ದೊಡ್ಡ ತಾಳ ಯಾರ ಕೈಲಿರಬೇಕು ಎಂಬುದು. ಶಿಗ್ಗಾವಿ ಕಡೆಯ ಇನ್ನೊಂದು ಊರಲ್ಲಿ ಹಾಲಿನ ಸಂಘದ ಸಭೆ ಕೂಡಿತು. ಅಧ್ಯಕ್ಷರ ಖುರ್ಚಿಗೆ ಟವೆಲ್ಲು ಹೊದಿಸಬೇಕೋ ಬೇಡವೋ ಎಂದು ಊಟದ ಹೊತ್ತಿನವರೆಗೆ ಮಾತಾಡಿ, ಊಟ ಮಾಡಿ ಎದ್ದು ಹೋದರು. ಹಾಲಿನ ಮಾತು ಬರಲೇ ಇಲ್ಲ. ಮೂವರು ಕೂಡಿದರೆ ಒಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಉಳಿದವನು ಭಿನ್ನಮತೀಯ. ಮೊದಮೊದಲು ಇದಕ್ಕೆಲ್ಲ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರುತ್ತಿತ್ತು. ಮಾಸೂರಿನ ಕಡೆಯ ಈ ಊರಿಗೆ ವರ್ಗವಾಗಿ ಬರುವ ಹೊತ್ತಿಗೆ ಎರಡೂ ಮುಗಿದು ದಣಿವಷ್ಟೇ ಉಳಿದಿತ್ತು.

ಬಂದ ದಿನವೇ ಯಜಮಾನರು ಆಫೀಸಿಗೆ ಬಂದರು. ಎತ್ತರದ ಆಳು, ಬಿಳಿ ಧೋತರ, ಹೆಗಲ ಮೇಲೆ ಶಲ್ಯ. ನಾನು ಖುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ. ಹೊಸ್ತಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತರು.

"ಖುರ್ಚಿ ನಿಮಗಿರ್ಲಿ ಸೆಕ್ರೆಟರಿ ಸಾಹೇಬ್ರ. ನಾನು ಜೀವಮಾನದಾಗ ಖುರ್ಚಿ ಮ್ಯಾಲೆ ಕುಂತಾಂವಲ್ಲ. ನನಗ ನೆಲಾನ ಬರೋಬ್ಬರಿ" ಎಂದರು.

ಇದು ಅವರ ಹೆಮ್ಮೆ. ಒಂದು ಚುನಾವಣೆಗೂ ನಿಂತವರಲ್ಲ. ಸೊಸೈಟಿ, ಸಂಘ, ಕಮಿಟಿ ಯಾವುದರಲ್ಲೂ ಅವರ ಹೆಸರಿರಲಿಲ್ಲ. ನನಗೂ ಮೊದಲು ಅದು ದೊಡ್ಡ ಗುಣವಾಗಿಯೇ ಕಂಡಿತು. ನನ್ನ ಎದುರಿನ ಖುರ್ಚಿಗಳ ಮೇಲೆ ಯಾರು ಕೂರಬೇಕು, ಎಷ್ಟು ದಿನ ಕೂರಬೇಕು ಎಂಬುದನ್ನೆಲ್ಲ ಚಾವಡಿಯ ನೆಲದ ಮೇಲೆ ಕಂಬಕ್ಕೊರಗಿ ಕೂತ ಈ ಮನುಷ್ಯನೇ ತೀರ್ಮಾನಿಸುತ್ತಾರೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಅವರ ಕೆಲಸದ ರೀತಿ ವಿಚಿತ್ರವಾಗಿತ್ತು. ಜನ ಬಂದು ದೂರುವಾಗ ಅವರು ಮಾತಾಡುತ್ತಿರಲಿಲ್ಲ. ಎಲೆಯ ತೊಟ್ಟು ಮುರಿದು, ಧೋತರಕ್ಕೆ ಒರೆಸಿ, ಬೆನ್ನಿಗೆ ಸುಣ್ಣ ಸವರಿ, ಮಡಚಿ ಕೈಯಲ್ಲೇ ಇಟ್ಟುಕೊಂಡು ಕೂರುತ್ತಿದ್ದರು. ಎಲೆ ಬಾಯಿಗೆ ಹೋಯಿತೆಂದರೆ ತೀರ್ಮಾನವಾಯಿತು ಎಂದು ಅರ್ಥ. ಎಲೆ ಕೈಯಲ್ಲಿರುವತನಕ ಎರಡೂ ಕಡೆಯವರಿಗೆ ಆಸೆ ಇರುತ್ತಿತ್ತು. ಅವರ ಮಾತು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಬಗೆಯದು. ಒಮ್ಮೆ ನಾನು ತಮಾಷೆಗೆ, "ಯಜಮಾನ್ರ, ನಿಮ್ಮ ಊರಿನ ಹಾವು ಸಾಯೂದಿಲ್ಲ, ಕೋಲು ಮುರಿಯೂದಿಲ್ಲ, ಅಂದ್ರ ಹಾವು ಮನಿಯೊಳಗ ಉಳೀತಲ್ಲ" ಎಂದೆ. ಅವರು ನಕ್ಕರು. "ಉಳೀಲಿ ಬಿಡ್ರಿ. ಎಲ್ಲಿ ಐತಿ ಅಂತ ಗೊತ್ತಿದ್ರ ಸಾಕು" ಎಂದರು.

ಒಂದು ಸಲ ಚುನಾವಣೆ ಮುಗಿದ ಕೂಡಲೇ ಒಂದು ಪಾರ್ಟಿಯವರು ತಮ್ಮ ಸದಸ್ಯರನ್ನೆಲ್ಲ ಟೆಂಪೊದಲ್ಲಿ ತುಂಬಿಕೊಂಡು ಸಮುದ್ರದ ಕಡೆ ಒಯ್ದರು. ಅಧ್ಯಕ್ಷರ ಆಯ್ಕೆಯ ದಿನವೇ ಕರೆತರುವುದು, ಅಲ್ಲಿಯವರೆಗೆ ಫೋನು ಬಂದ್. ದೊಡ್ಡವರು ಮಾಡುವುದನ್ನು ನೋಡಿ ಕಲಿತ ವಿದ್ಯೆ. ಎದುರು ಪಾರ್ಟಿಯವರು ಓಡಿ ಬಂದು ಯಜಮಾನರ ಮುಂದೆ ಕೂತರು. ಅವರು ಎಲೆ ಮಡಚುತ್ತಾ, "ಕುರಿ ಕಾಯೂದು ಸಸಾರ ಐತಿ. ಕುರಿ ಓಟು ಹಾಕೂದಿಲ್ಲಲ್ಲ" ಎಂದರು. ಹೋದವರಲ್ಲಿ ಒಬ್ಬನಿಗೆ ತನ್ನ ಎಮ್ಮೆಯ ಮೇಲೆ ಹೆಂಡತಿಗಿಂತ ಹೆಚ್ಚು ಜೀವ. ಯಜಮಾನರು ಟೆಂಪೊದ ಡ್ರೈವರನಿಗೆ ಒಂದು ಮಾತು ಮುಟ್ಟಿಸಿದರಂತೆ: ಎಮ್ಮೆ ಈದೈತಿ, ಕರು ಮೊಲಿ ಹಿಡೀವಲ್ದು. ಅಷ್ಟೇ. ಆ ಸದಸ್ಯ ಅಲ್ಲಿ ಊಟ ಬಿಟ್ಟು ಕೂತ. ಅವನೊಬ್ಬ ಹೊರಟರೆ ಉಳಿದವರಿಗೆ ಇವನು ಆ ಕಡೆ ಸೇರಿದನೆಂಬ ಸಂಶಯ. ಮರುದಿನ ಟೆಂಪೊ ಎಲ್ಲರನ್ನೂ ತುಂಬಿಕೊಂಡು ಊರ ಮುಂದೆ ನಿಂತಿತ್ತು. ಎಮ್ಮೆ ನಿಜವಾಗಿಯೂ ಈದಿತ್ತು, ಕರು ಚೆನ್ನಾಗಿಯೇ ಮೊಲೆ ಕುಡಿಯುತ್ತಿತ್ತು. ಯಜಮಾನರು ಪೂರ್ತಿ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

ಆದರೆ ಅವರ ಹೆಸರು ಸುತ್ತಲಿನ ಊರುಗಳಿಗೆಲ್ಲ ಹಬ್ಬಿದ್ದು ರೊಟ್ಟಿ ಮುರಿಯುವುದರಿಂದ.

ನಮ್ಮ ಪಂಚಾಯಿತಿಗಳಲ್ಲಿ ಅಧ್ಯಕ್ಷಗಿರಿಗೆ ಇಬ್ಬರು ಸಮಬಲದಲ್ಲಿ ನಿಂತರೆ ಅವಧಿಯನ್ನು ಹಂಚಿಕೊಳ್ಳುವ ಪದ್ಧತಿಯಿದೆ. ಮೊದಲರ್ಧ ನೀನು, ಉಳಿದರ್ಧ ನಾನು. ಕಾಯ್ದೆಯಲ್ಲಿ ಇದಿಲ್ಲ, ಊರಿನಲ್ಲಿದೆ. ತೊಂದರೆ ಏನೆಂದರೆ ಮೊದಲು ಕೂತವನು ಏಳುವುದಿಲ್ಲ. ಅದಕ್ಕಾಗಿ ಎಲ್ಲ ಕಡೆ ದೇವರ ಮುಂದೆ ಆಣೆ ಮಾಡಿಸುತ್ತಾರೆ. ಯಜಮಾನರಿಗೆ ಆಣೆಯ ಮೇಲೆ ನಂಬಿಕೆ ಇರಲಿಲ್ಲ. "ದೇವ್ರ ಮುಂದ ಆಣಿ ಮಾಡಿದಾಂವ ಆಮ್ಯಾಲೆ ತಪ್ಪುಕಾಣಿಕಿ ಹಾಕಿ ದೇವ್ರನ್ನ ಒಪ್ಪಿಸ್ಕೊಂತಾನ. ದೇವ್ರು ದೊಡ್ಡಾಂವ, ಬಿಟ್ಟಬಿಡ್ತಾನ. ಮಂದಿ ಸಣ್ಣಾವ್ರು, ಬಿಡೂದಿಲ್ಲ" ಎನ್ನುತ್ತಿದ್ದರು. ಆದ್ದರಿಂದ ಅವರು ಮಂದಿಯ ಮುಂದೆ ರೊಟ್ಟಿ ಮುರಿಯುತ್ತಿದ್ದರು. ಬೆಳಿಗ್ಗೆ ಅವರ ಮನೆಯಲ್ಲಿ ಬಡಿದ ಖಡಕ್ ಜೋಳದ ರೊಟ್ಟಿ ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಚಾವಡಿಗೆ ಬರುತ್ತಿತ್ತು. ಅದನ್ನು ಎರಡು ಕೈಯಲ್ಲಿ ಹಿಡಿದು ನಡುವೆ ಮುರಿದು, ಮೊದಲು ಕೂರುವವನಿಗೆ ಅರ್ಧ, ಆಮೇಲೆ ಕೂರುವವನಿಗೆ ಅರ್ಧ ಕೊಡುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನಬೇಕು. ಒಂದೇ ರೊಟ್ಟಿ ತಿಂದವರಲ್ಲಿ ಕೂತವನು ದಿನ ತುಂಬಿದ ಮೇಲೆ ಎದ್ದು ಜಾಗ ಬಿಡಬೇಕು.

ನಂಬಿ, ಇದು ನಡೆಯುತ್ತಿತ್ತು. ಒಬ್ಬನೇ ಒಬ್ಬ ರೊಟ್ಟಿ ತಿಂದು ಮಾತು ತಪ್ಪಿದನಂತೆ. ಅವನ ಮನೆಯ ಮದುವೆಗೆ ಊರವರು ಹೋದರು, ಅಕ್ಷತೆ ಹಾಕಿದರು, ಊಟಕ್ಕೆ ಮಾತ್ರ ಒಬ್ಬರೂ ಕೂರಲಿಲ್ಲ. ಅಂದಿನಿಂದ ಆ ಊರಲ್ಲಿ ರೊಟ್ಟಿ ಎಂದರೆ ರೊಟ್ಟಿ. ಆಚೀಚೆ ಊರುಗಳಿಂದ ಯಜಮಾನರನ್ನು ಕರೆಯಲು ಗಾಡಿ ಬರುತ್ತಿದ್ದವು. ರೊಟ್ಟಿ ಮಾತ್ರ ಅವರ ಮನೆಯಿಂದಲೇ ಹೋಗುತ್ತಿತ್ತು.

ಹೀಗಿರುವಾಗ ಒಂದು ಅವಧಿಗೆ ಅಧ್ಯಕ್ಷ ಸ್ಥಾನ ಮಹಿಳೆಗೆ ಬಂತು. ಗೌಡರ ಮನೆಯ ಸೊಸೆ ಸುನಂದಾ ಒಬ್ಬ ಸದಸ್ಯೆ. ಆಕೆಯ ಗಂಡ ಬಸವರಾಜ ಆಕೆಯ ಪರವಾಗಿ ಪ್ರಚಾರ ಮಾಡಿದ್ದ, ಆಕೆಯ ಪರವಾಗಿ ಗೆದ್ದಿದ್ದ, ಮುಂದೆ ಆಕೆಯ ಪರವಾಗಿ ಆಫೀಸಿಗೂ ಬರುವವನಿದ್ದ. ಅಧ್ಯಕ್ಷರ ಪತಿ ಎಂಬ ಹುದ್ದೆ ಯಾವ ಕಾಯ್ದೆಯಲ್ಲೂ ಇಲ್ಲ, ಎಲ್ಲ ಪಂಚಾಯಿತಿಯಲ್ಲೂ ಇದೆ. ಇನ್ನೊಬ್ಬ ಸದಸ್ಯೆ ಶಾಂತವ್ವ. ಊರ ಕೆಳಗಿನ ಕೇರಿಯವಳು. ಅವರ ಮನೆಯವರು ಹಿಂದೆಯೇ ಬೌದ್ಧ ಧರ್ಮಕ್ಕೆ ಸೇರಿದ್ದರು, ಬಾಗಿಲ ಮೇಲೆ ಬುದ್ಧನ ಪಟವಿತ್ತು. ಶಾಂತವ್ವ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಹೋಗುತ್ತಿದ್ದಳು. ಗುಂಪಿನವರೇ ಆಕೆಯನ್ನು ಚುನಾವಣೆಗೆ ನಿಲ್ಲಿಸಿದ್ದರು. ಆಕೆಗೆ ಬೇಕಾದದ್ದು ಒಂದೇ, ಕೇರಿಗೆ ಬೇರೆ ನೀರಿನ ಲೈನು. ಇದ್ದ ಪೈಪು ಮೇಲಿನ ಓಣಿಗಳನ್ನೆಲ್ಲ ಸುತ್ತಿ ಕೊನೆಗೆ ಕೇರಿಗೆ ಬರುತ್ತಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಅದರಲ್ಲಿ ಗಾಳಿ ಮಾತ್ರ ಉಳಿದಿರುತ್ತಿತ್ತು. ಅರ್ಜಿ ಕೊಟ್ಟು ಸಾಕಾಗಿ, ಅರ್ಜಿ ತೆಗೆದುಕೊಳ್ಳುವ ಕಡೆಯೇ ಕೂರುತ್ತೇನೆ ಎಂದು ಆಕೆ ಬಂದಿದ್ದಳು.

ಎರಡೂ ಪಾರ್ಟಿ ಸಮವಾಗಿದ್ದವು. ಶಾಂತವ್ವನ ಕೈ ಯಾವ ಕಡೆಗೋ ಆ ಕಡೆ ಗೆಲುವು. ಯಜಮಾನರು ಎಲೆ ಬಾಯಿಗೆ ಹಾಕಿಕೊಂಡು ಹೇಳಿದರು: ಮೊದಲರ್ಧ ಸುನಂದಾ, ಉಳಿದರ್ಧ ಶಾಂತವ್ವ. ಎಲ್ಲರೂ ಒಪ್ಪಿದರು.

ಚಾವಡಿ ತುಂಬಿತ್ತು. ಸರಕಾರದ ಕಡೆಯಿಂದ ಎಂಬಂತೆ ನಾನೂ ಒಂದು ಮೂಲೆಯಲ್ಲಿ ಕೂತಿದ್ದೆ. ರೊಟ್ಟಿಯ ಗಂಟು ಬಂದು ಯಜಮಾನರ ಮುಂದೆ ಕೂತಿತು. ಅವರು ಗಂಟಿನ ಮೇಲೆ ಕೈ ಇಟ್ಟರು. ತಲೆ ಎತ್ತಿ ಒಮ್ಮೆ ಸುತ್ತ ನೋಡಿದರು. ಗೌಡರ ಮನೆಯವರು ಒಂದು ಕಡೆ, ಕೇರಿಯವರು ಚಾವಡಿಯ ಮೆಟ್ಟಿಲ ಹತ್ತಿರ. ಎಷ್ಟು ಹೊತ್ತು ಹಾಗೆ ನೋಡಿದರೋ, ಆಮೇಲೆ ಗಂಟನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿದರು.

"ಹೆಣ್ಣಮಕ್ಕಳ ಕಾರ್ಯ. ಇವತ್ತ ಸಿಹಿ ಆಗ್ಲಿ. ಸಕ್ಕರಿ ತರ್ರಿ" ಎಂದರು.

ಸಕ್ಕರೆ ಬಂತು. ಸುನಂದಾಗೆ ಒಂದು ಕಾಗದದಲ್ಲಿ, ಶಾಂತವ್ವಗೆ ಇನ್ನೊಂದು ಕಾಗದದಲ್ಲಿ. ಚಾವಡಿಯಲ್ಲಿ ಕೂತವರೆಲ್ಲ ಹಗುರಾಗಿ ಉಸಿರು ಬಿಟ್ಟರು. ಶಾಂತವ್ವ ಸಕ್ಕರೆಯನ್ನು ಅಂಗೈಗೆ ಸುರಿದುಕೊಂಡು, ಪಕ್ಕಕ್ಕೆ ಸರಿದಿದ್ದ ಬಿಳಿ ಗಂಟನ್ನು ಒಂದು ಗಳಿಗೆ ನೋಡಿ, ಬಾಯಿಗೆ ಹಾಕಿಕೊಂಡಳು. ಮರುದಿನ ಆಕೆಯ ಕೈಯಿಂದ ಸುನಂದಾ ಅಧ್ಯಕ್ಷೆಯಾದಳು.

ಅರ್ಧ ಅವಧಿ ಮುಗಿಯಿತು. ಸುನಂದಾ ಏಳಲಿಲ್ಲ. ಏಳಲಿಲ್ಲ ಎಂದರೆ ಬಸವರಾಜ ಏಳಗೊಡಲಿಲ್ಲ. ಶಾಂತವ್ವ ತನ್ನ ಗುಂಪಿನ ಹೆಂಗಸರನ್ನು ಕರೆದುಕೊಂಡು ಆಫೀಸಿಗೆ ಬಂದು ಕೇಳಿದಳು. ಬಸವರಾಜ ಹೆಂಡತಿಯ ಪಕ್ಕದ ಖುರ್ಚಿಯಲ್ಲಿ ಕೂತು, ಸಿಟ್ಟಿಲ್ಲದೆ, ಬಹಳ ಸಮಾಧಾನದಿಂದ ಉತ್ತರ ಕೊಟ್ಟ.

"ಮಾತು ಅಂದ್ರ ರೊಟ್ಟಿ ಮುರದದ್ದು. ನಮ್ಮ ಊರ ಪದ್ಧತಿ ಗೊತ್ತಿಲ್ಲೇನು ನಿನಗ? ನಾವು ತಿಂದದ್ದು ಸಕ್ಕರಿ. ಸಕ್ಕರಿಗೆ ಎಲ್ಲಿ ಮಾತು ಬಂತು? ರೊಟ್ಟಿ ತಿಂದಿದ್ರ ಇವತ್ತ ನಾನ ನಿನ್ನ ಕರದು ಕುಂದ್ರಸ್ತಿದ್ದೆ."

ಶಾಂತವ್ವ ನನ್ನ ಕಡೆ ನೋಡಿದಳು. ಕಾಯ್ದೆಯಲ್ಲಿ ಏನಾದರೂ ಇದೆಯೇ ಎಂದು ಕೇಳಿದಳು. ಅವಿಶ್ವಾಸ ತರಬಹುದು, ಅದಕ್ಕೆ ಬೇಕಾಗುವಷ್ಟು ಕೈ ನಿನ್ನ ಹತ್ತಿರ ಇಲ್ಲ ಎಂದೆ. ಒಪ್ಪಂದದಲ್ಲಿ ಕೂತಿದ್ದ ಎರಡೂ ಪಾರ್ಟಿಯವರು ಈಗ ಒಂದಾಗಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದಾಡುತ್ತಿದ್ದವರು ಕೇರಿಯ ಮಾತು ಬಂದಾಗ ಒಂದೇ ನೊಗಕ್ಕೆ ಬಂದಿದ್ದನ್ನು ನೋಡಿ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯಪಡುವ ಶಕ್ತಿ ಆಗಲೇ ಹೋಗಿತ್ತು.

ಅದಾದ ಮೇಲೆ ಒಂದು ಸಂಜೆ ನಾನು ಸವಣೂರಿಗೆ ಹೋದಾಗ ತಂದ ಎಲೆ ಕೊಡಲು ಯಜಮಾನರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತಿದ್ದರು. ಶಾಂತವ್ವ ಬಂದು ಅಂಗಳದಲ್ಲೇ ನಿಂತಳು. ಬಾ ಒಳಗೆ ಎಂದು ಯಾರೂ ಅನ್ನಲಿಲ್ಲ, ಆಕೆಯೂ ಕಾಯಲಿಲ್ಲ.

"ಒಂದ ಮಾತು ಕೇಳಾಕ ಬಂದೇನ್ರಿ. ಅವತ್ತ ರೊಟ್ಟಿ ಯಾಕ ಮುರೀಲಿಲ್ಲ?"

ಯಜಮಾನರು ಎಲೆ ಕೈಗೆ ತೆಗೆದುಕೊಂಡರು. ತೊಟ್ಟು ಮುರಿದರು. ಧೋತರಕ್ಕೆ ಒರೆಸಿದರು.

"ಎಲಿ ಆಮ್ಯಾಲೆ ಮಡಚ್ರಿ. ಗಂಟು ತರಿಸಿದ್ರಿ. ಕೈ ಇಟ್ರಿ. ನಾ ನೋಡೇನಿ" ಎಂದಳು.

"ಅವ್ರು ತಿಂತಿದ್ದಿಲ್ಲವ್ವಾ" ಎಂದರು ಯಜಮಾನರು. ದನಿ ಬಹಳ ಸಣ್ಣಗಿತ್ತು.

"ತಿನ್ನೂದಿಲ್ಲ ಅಂತ ಅವ್ರು ಅಂದ್ರೇನು?"

"ಅನ್ನಲಿಲ್ಲ."

"ನೀವು ಕೇಳಿದ್ರೇನು?"

"ಇಲ್ಲ."

"ಹಂಗಾರ ಬ್ಯಾಡ ಅಂದಾವ್ರು ಯಾರ್ರಿ?"

ಯಜಮಾನರು ಸುಣ್ಣದ ಡಬ್ಬಿ ತೆಗೆದು, ಎಲೆಗೆ ಸವರಿ ಮಡಚಿದರು. ಅಷ್ಟು ವರ್ಷ ಸಭೆಗಳಲ್ಲಿ ಕೂತು ಕಲಿಯದ್ದನ್ನು ಅಂದು ಕಲಿತೆ. ಅಧಿಕಾರ ಇರುವವನು ಬೇಡ ಎಂದು ಹೇಳುವ ತನಕ ಜನ ಕಾಯುವುದಿಲ್ಲ. ಅವನು ಬೇಡ ಎಂದಾನು ಎಂದು ತಾವೇ ಅಂದಾಜು ಮಾಡಿ, ತಾವೇ ಗಂಟನ್ನು ಪಕ್ಕಕ್ಕೆ ಸರಿಸುತ್ತಾರೆ. ಹಾಗೆ ಸರಿಸುವವರನ್ನು ನಾವು ಶಾಣ್ಯಾ, ಹಿರಿಯ ಎಂದು ಕರೆಯುತ್ತೇವೆ. ಯಜಮಾನರ ಮೇಲೆ ನನಗೆ ಪ್ರೀತಿ ಇತ್ತು. ಅಂದು ಮೊದಲ ಸಲ ಅವರ ಮೇಲೆ ಕೆಟ್ಟ ಸಿಟ್ಟು ಬಂತು.

ಮಡಚಿದ ಎಲೆಯನ್ನು ಅವರು ಬಾಯಿಗೆ ಹಾಕಿಕೊಳ್ಳಲಿಲ್ಲ. ತಟ್ಟೆಯಲ್ಲಿಟ್ಟು, "ಸೋಮವಾರ ಚಾವಡಿಗೆ ಬಾರವ್ವಾ" ಎಂದರು.

ಸೋಮವಾರ ಮತ್ತೆ ಚಾವಡಿ ತುಂಬಿತು. ಏನೋ ನಡೆಯುತ್ತದೆ ಎಂದು ಸುದ್ದಿಯಾಗಿತ್ತು. ಕಂಬಕ್ಕೊರಗಿ ಕೂತ ಯಜಮಾನರ ಮುಂದೆ ಬಿಳಿ ಗಂಟು. ಎದುರಿಗೆ ಒಂದು ಕಡೆ ಸುನಂದಾ, ಹಿಂದೆ ಬಸವರಾಜ. ಇನ್ನೊಂದು ಕಡೆ ಶಾಂತವ್ವ. ಯಜಮಾನರು ಯಾವ ಪೀಠಿಕೆಯೂ ಇಲ್ಲದೆ ಹೇಳಿದರು.

"ಅವತ್ತ ರೊಟ್ಟಿ ಮುರೀಬೇಕಾಗಿತ್ತು. ನೀವು ಈಕಿ ಜೋಡಿ ತಿನ್ನೂದಿಲ್ಲ ಅಂತ ನಾನ ಅಂಜಿ ಸಕ್ಕರಿ ಕೊಟ್ಟೆ. ಅಂಜಿದ್ದು ನಂದು ತಪ್ಪು. ಈಗ ಮುರೀತೇನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದ ಮನುಷ್ಯ ಹೀಗೆ ಮಾತಾಡಿದ್ದನ್ನು ಆ ಊರು ಕೇಳಿರಲಿಲ್ಲ. ರೊಟ್ಟಿ ಮುರಿದ ಸಪ್ಪಳ ಮೆಟ್ಟಿಲತನಕ ಕೇಳಿಸಿತು. ಒಂದು ಅರ್ಧವನ್ನು ಶಾಂತವ್ವನ ಕಡೆ ಚಾಚಿದರು. ಆಕೆ ತೆಗೆದುಕೊಂಡು, ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿಯತೊಡಗಿದಳು. ಇನ್ನೊಂದು ಅರ್ಧವನ್ನು ಸುನಂದಾ ಕಡೆ ಚಾಚಿದರು.

ಸುನಂದಾಳ ಕೈ ಮಡಿಲಿನಿಂದ ಸ್ವಲ್ಪ ಮೇಲೆದ್ದಿತು. ನಾನು ಇದನ್ನು ನೋಡಿದ್ದೇನೆ, ಬೇರೆಯವರು ಬೇಕಾದರೆ ಇಲ್ಲ ಎನ್ನಲಿ. ಹಿಂದಿನಿಂದ ಬಸವರಾಜ ಕೆಮ್ಮಿದ. ಕೈ ಸೆರಗಿನೊಳಕ್ಕೆ ಹೋಯಿತು. ಯಜಮಾನರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಶಾಂತವ್ವ ಅಗಿಯುತ್ತಿದ್ದುದು ಮಾತ್ರ ಕೇಳುತ್ತಿತ್ತು. ಆಕೆಯ ಪಾಲು ಮುಗಿಯಿತು. ಆಗಲೂ ಅವರ ಕೈಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

ಆಮೇಲೆ ಅವರು ಆ ಅರ್ಧವನ್ನು ತಾವೇ ತಿಂದರು. ಬಾಯಲ್ಲಿ ಹಲ್ಲು ಸರಿಯಾಗಿರಲಿಲ್ಲ, ಚಟ್ನಿ ಇರಲಿಲ್ಲ, ಒಣ ರೊಟ್ಟಿ. ಒಮ್ಮೆ ನೆತ್ತಿಗೆ ಹತ್ತಿತು. ನೀರು ಕೊಡಲು ಯಾರೋ ಎದ್ದರು, ಬೇಡ ಎಂದು ಕೈ ಮಾಡಿದರು. ಪೂರ್ತಿ ತಿಂದು, ಧೋತರದ ಮೇಲೆ ಬಿದ್ದ ಪುಡಿಯನ್ನೂ ಆರಿಸಿ ಬಾಯಿಗೆ ಹಾಕಿಕೊಂಡು, ಕಂಬ ಹಿಡಿದು ಎದ್ದು ನಿಂತರು.

"ಒಂದ ರೊಟ್ಟಿ ತಿಂದವ್ರಾಗ ಕುಂತಾಂವ ಏಳಬೇಕು. ಪದ್ಧತಿ ನಂದ. ಇವತ್ತ ತಿಂದಾವ್ರು ನಾನು, ನೀನು. ನನಗ ಬ್ಯಾರೆ ಖುರ್ಚಿ ಇಲ್ಲ, ಇದೊಂದ ಜಾಗಾ. ಬಾರವ್ವಾ, ಕುಂದ್ರು."

ಶಾಂತವ್ವ ಎದ್ದಳು. ಕಂಬದ ಬುಡದಲ್ಲಿ ಅವರ ಬೆನ್ನು ತಾಗಿ ತಾಗಿ ನುಣುಪಾಗಿದ್ದ ಜಾಗವನ್ನು ನೋಡಿದಳು.

"ನಿಮ್ಮ ಕಂಬ ತಗೊಂಡು ನಾ ಏನ್ ಮಾಡ್ಲಿರಿ? ನಮ್ಮ ಓಣಿಗೆ ನೀರು ಬರೂದು ಆ ಖುರ್ಚಿಯಿಂದ" ಎಂದಳು. ಬಯ್ಯುವ ದನಿ ಅಲ್ಲ, ದಣಿದ ದನಿ. ಮೆಟ್ಟಿಲಿಳಿದು ಹೋದಳು, ಕೇರಿಯವರು ಹಿಂದೆ ಹೋದರು. ಯಜಮಾನರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಇನ್ನೊಂದು ಕಡೆಯಿಂದ ಇಳಿದರು. ಆಮೇಲೆ ಚಾವಡಿ ಹತ್ತಲಿಲ್ಲ.

ಇಂಥ ಕಡೆ ಕಥೆಯಾದರೆ ಊರಿನ ಮನಸ್ಸು ಕರಗಬೇಕು. ಹಾಗೇನೂ ಆಗಲಿಲ್ಲ. ಸುನಂದಾ ಅವಧಿ ಮುಗಿಯುವತನಕ ಖುರ್ಚಿಯಲ್ಲಿದ್ದಳು. ಮುಂದಿನ ಚುನಾವಣೆಯಲ್ಲಿ ಶಾಂತವ್ವ ಮತ್ತೆ ನಿಂತಳು, ಸೋತಳು. ಚಾವಡಿಯ ಕಂಬದ ಜಾಗ ಕೆಲವು ದಿನ ಖಾಲಿ ಇತ್ತು. ಜನ ಅದನ್ನು ದಾಟಿ ಹೋಗುವಾಗ ಸ್ವಲ್ಪ ಸುತ್ತಿ ಹೋಗುತ್ತಿದ್ದರು. ಒಂದು ದಿನ ಬಸವರಾಜ ಸುಮ್ಮನೆ ಕೂತಂತೆ ಅಲ್ಲಿ ಕೂತ. ಮರುದಿನವೂ ಕೂತ. ತಿಂಗಳಾಗುವಷ್ಟರಲ್ಲಿ ಜನ ಅವನ ಮುಂದೆ ಬಂದು ದೂರು ಹೇಳತೊಡಗಿದ್ದರು. ರೊಟ್ಟಿ ಮುರಿಯುವ ಪದ್ಧತಿಯೂ ಉಳಿಯಿತು. ಈಗ ರೊಟ್ಟಿ ಖಾನಾವಳಿಯಿಂದ ಬರುತ್ತದೆ, ಮುರಿಯುವಾಗ ಎಲ್ಲರೂ ಮೊಬೈಲಿನಲ್ಲಿ ಹಿಡಿಯುತ್ತಾರೆ, ಯಾರ ಜೊತೆ ಯಾರು ಬೇಕಾದರೂ ತಿನ್ನುತ್ತಾರೆ. ತಿಂದವರು ಏಳುವುದಿಲ್ಲ.

ಕೇರಿಗೆ ನಲ್ಲಿ ಬಂದಿವೆ. ಯಾವುದೋ ದೊಡ್ಡ ಯೋಜನೆಯಲ್ಲಿ ಎಲ್ಲ ಊರಿಗೂ ಬಂದ ಹಾಗೆ ಬಂದವು. ಉದ್ಘಾಟನೆಯ ಕಲ್ಲಿನ ಮೇಲೆ ಬಸವರಾಜನ ಹೆಸರಿದೆ. ನೀರು ಒಮ್ಮೊಮ್ಮೆ ಬರುತ್ತದೆ.

ನಾನು ನಿವೃತ್ತನಾದ ಮೇಲೂ ಆಗಾಗ ಎಲೆ ತೆಗೆದುಕೊಂಡು ಯಜಮಾನರನ್ನು ನೋಡಲು ಹೋಗುತ್ತಿದ್ದೆ. ಪಡಸಾಲೆಯಲ್ಲಿ ಒಬ್ಬರೇ ಇರುತ್ತಿದ್ದರು. ಜನ ಬರುತ್ತಿರಲಿಲ್ಲ ಎಂದಲ್ಲ, ಕೆಲಸವಿಟ್ಟುಕೊಂಡು ಬರುತ್ತಿರಲಿಲ್ಲ. ಎಲೆಯನ್ನು ಮಡಚಿದ ಕೂಡಲೇ ಬಾಯಿಗೆ ಹಾಕಿಕೊಳ್ಳುವುದನ್ನು ಕಲಿತಿದ್ದರು. ಒಮ್ಮೆ ನಾನು, ಬೇಸರವಾಗುವುದಿಲ್ಲವೇ ಎಂದು ಕೇಳಿದೆ.

"ಆಗ್ತೈತಿ. ಸುಳ್ಳ ಯಾಕ ಹೇಳ್ಲಿ" ಎಂದರು. ಸ್ವಲ್ಪ ಹೊತ್ತು ಅಗಿದು, "ಖುರ್ಚಿ ಮ್ಯಾಲೆ ಕುಂತಾಂವಲ್ಲ, ಕುಂತಾಂವಲ್ಲ ಅಂತ ಊರಿಗೆಲ್ಲ ಹೇಳ್ಕೋತ ತಿರಗಿದೆ ನೋಡ್ರಿ. ಎದ್ದ ಮ್ಯಾಲೆ ತಿಳೀತು, ಎಲ್ಲಾರಕಿಂತ ಗಟ್ಟಿಯಾಗಿ ಕುಂತಾಂವ ನಾನ ಇದ್ದೆ ಅಂತ" ಎಂದರು.

ಅವರ ಬಾಯಿಂದ ನಾನು ಕೇಳಿದ ಕೊನೆಯ ದೊಡ್ಡ ಮಾತು ಅದು. ಆಮೇಲೆ ಮಳೆ, ಮೊಣಕಾಲು, ಎಲೆಯ ಖಾರ ಇಷ್ಟೇ ಮಾತಾಡುತ್ತಿದ್ದರು.

ಮಣ್ಣಿಗೆ ಕೊಟ್ಟ ದಿನ ಎಲ್ಲ ವ್ಯವಸ್ಥೆ ಬಸವರಾಜನದೇ. ಮೈಕು ಹಚ್ಚಿಸಿದ್ದ, ಹೊರಗಿನಿಂದ ಬಂದ ಮುಖಂಡರಿಗೆ ಖುರ್ಚಿ ಹಾಕಿಸಿದ್ದ. ಹೆಣವನ್ನು ಮನೆಯಿಂದ ಚಾವಡಿಗೆ ತಂದು ಅದೇ ಕಂಬಕ್ಕೆ ಕೂರಿಸಬೇಕೆಂದು ಹಟ ಹಿಡಿದವನೂ ಅವನೇ ಅಂತೆ. ಮುಖಂಡರು ಒಬ್ಬೊಬ್ಬರಾಗಿ ಎದ್ದು ಯಜಮಾನರು ಎಂದೂ ಅಧಿಕಾರಕ್ಕೆ ಆಸೆಪಟ್ಟವರಲ್ಲ ಎಂದರು. ನಾನು ಎಲೆಯ ಕಟ್ಟನ್ನು ಅವರ ಕಾಲ ಹತ್ತಿರ ಇಟ್ಟು ಬಂದು ಗೋಡೆಗೆ ನಿಂತೆ.

ಶಾಂತವ್ವ ಹೊಲದ ಕೆಲಸ ಬಿಟ್ಟು ತನ್ನ ಗುಂಪಿನ ಜೊತೆ ಬಂದಳು. ತಲೆ ನರೆತಿತ್ತು. ಮೆಟ್ಟಿಲು ಹತ್ತಿ, ಕಂಬದ ಮುಂದೆ ನಿಂತು ಕೈ ಮುಗಿದಳು. ತಲೆಗೆ ಕಟ್ಟಿದ ಶಲ್ಯವನ್ನು, ಕಂಬವನ್ನು, ಹೆಣದ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಬಸವರಾಜನಿಗೆ ಕೇಳಿದಳು.

"ಇಲ್ಲಿ ಯಾಕ ಕುಂದ್ರಿಸೀರಿ?"

"ಅವರ ಜಾಗಾ ಅಲ್ಲೇನವ್ವಾ ಇದು. ಜೀವಮಾನ ಪೂರ್ತಿ ಇಲ್ಲೇ ಕುಂತಾವ್ರು" ಎಂದ ಬಸವರಾಜ. ಗೌರವದಿಂದಲೇ ಹೇಳಿದ.

"ಈ ಊರಾಗ ಕುಂತ ಜಾಗಾ ಬಿಟ್ಟು ತಾವಾಗಿ ಎದ್ದಾವ್ರು ಇವ್ರೊಬ್ರ" ಎಂದಳು ಶಾಂತವ್ವ. "ಅಷ್ಟು ಕಷ್ಟಪಟ್ಟು ಎದ್ದಿದ್ರು. ಸತ್ತ ಮ್ಯಾಲೆ ಹಿಡದು ಕಟ್ಟಿ ಮತ್ತ ಕುಂದ್ರಿಸೀರಲ್ಲ."

ಬಸವರಾಜ ಮೈಕಿನ ವೈರು ಸರಿಪಡಿಸುವ ನೆಪದಲ್ಲಿ ಬಗ್ಗಿದ. ಆಕೆ ಮೆಟ್ಟಿಲಿಳಿದು ಹೋಗಿ ತನ್ನವರ ಜೊತೆ ಬಿಸಿಲಿನಲ್ಲಿ ನಿಂತಳು. ಖುರ್ಚಿಗಳಲ್ಲಿ ಕೂತವರಲ್ಲಿ ಯಾರೋ ಹೊತ್ತಾಯಿತು ಎಂದರು. ನಾಲ್ವರು ಬಂದು ಶಲ್ಯದ ಗಂಟು ಬಿಚ್ಚಿ ಯಜಮಾನರನ್ನು ಎತ್ತಿದರು.